ಬಿಳುಪು ಎಲ್ಲಿ ಹೋತು?

ಧಾರವಾಡದಲ್ಲಿರುವ ನನ್ನ ಅಕ್ಕನ ಮಗಳು ಕೈಯಿಂದ ಶುಭಾಶಯ ಪತ್ರ ಮಾಡುತ್ತಾಳೆ. ಹತ್ತಿಯ ಚಿಂದಿಯಿಂದ ತಯಾರಾದ ಒರಟು ಬಿಳಿ ಕಾಗದ, ಅದರ ಮೇಲೆ ಅಂಗೈಯಗಲದ ಇಳಕಲ್ ಬಟ್ಟೆಯ ತುಣುಕು, ಅದರಲ್ಲಿ ಕಸೂತಿಯ ಗೋಪುರವೋ ಆನೆಯೋ, ಅಂಚಿಗೆ ಚಿನ್ನದ ಬಣ್ಣದ ಫಾಯಿಲ್ ಕತ್ತರಿಸಿ ಅಂಟಿಸಿದ ಒಂದು ಪಟ್ಟಿ. ಒಂದು ಕಾರ್ಡಿಗೆ ಎರಡು ಸಂಜೆ ಹಿಡಿಯುತ್ತದೆ. ಆದರೆ ಕೊಳ್ಳುವವರು ಅದನ್ನು ಮೊದಲು ನೋಡುವುದು ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವಾಗಿ. ಕಳೆದ ದೀಪಾವಳಿಗೆ ಮುಂಚೆ ಅವಳು ಕಾರ್ಡನ್ನೂ ಫೋನನ್ನೂ ಒಟ್ಟಿಗೆ ನನ್ನ ಮುಂದಿಟ್ಟು ಕೇಳಿದಳು: “ಮಾಮಾ, ಇದರ ಬಿಳುಪು ಎಲ್ಲಿ ಹೋತು?”

ಕೇಳುವುದರಲ್ಲಿ ಅರ್ಥವಿತ್ತು. ಎದುರಿಗಿದ್ದ ಕಾಗದ ಅನ್ನದಷ್ಟು ಬೆಳ್ಳಗಿತ್ತು, ಚಿತ್ರದಲ್ಲಿ ಅದು ಒಲೆಯ ಬೂದಿಯಾಗಿತ್ತು. ಚಿನ್ನದ ಪಟ್ಟಿ ಇದ್ದಲಿನಂತೆ ಕಪ್ಪಗಿತ್ತು. ಕಾರ್ಡಿನ ಒಂದು ಬದಿಗೆ ಎಲ್ಲಿಂದಲೋ ಗುಲಾಬಿ ಛಾಯೆ ಬಂದು ಕೂತಿತ್ತು. ಕಸೂತಿಯ ಹೊಲಿಗೆಯಂತೂ ಅಚ್ಚು ಹೊಡೆದಷ್ಟು ಚಪ್ಪಟೆ. “ಫೋನು ಛಲೋ ಇಲ್ಲ, ಕ್ಯಾಮೆರಾ ತಗೋಬೇಕು” ಎಂದು ಅವಳು ದುಡ್ಡು ಕೂಡಿಡಲು ಶುರುಮಾಡಿದ್ದಳು. ಆ ದುಡ್ಡು ಉಳಿಯಿತು. ಅವಳ ಫೋನು ತನ್ನ ಮುಂದಿದ್ದ ಬೆಳಕನ್ನು ಬಹುಮಟ್ಟಿಗೆ ಪ್ರಾಮಾಣಿಕವಾಗಿಯೇ ದಾಖಲಿಸಿತ್ತು. ಸರಿಯಾಗಬೇಕಾದದ್ದು ಬೆಳಕು.

ಮೊದಲು ಬೂದಿಯ ವಿಚಾರ. ಕಾರ್ಡಿನಿಂದ ಬರುವ ಬೆಳಕು ಎಷ್ಟಿದೆ ಎಂಬುದು ಕ್ಯಾಮೆರಾಕ್ಕೆ ಗೊತ್ತಾಗುತ್ತದೆ, ಆದರೆ ಕಾರಣ ಗೊತ್ತಾಗುವುದಿಲ್ಲ. ಮಂದ ಬೆಳಕಿನಲ್ಲಿಟ್ಟ ಬಿಳಿ ಕಾಗದ, ಪ್ರಖರ ಬೆಳಕಿನಲ್ಲಿಟ್ಟ ಬೂದು ಕಾಗದ, ಇವೆರಡರಿಂದಲೂ ಒಂದೇ ಪ್ರಮಾಣದ ಬೆಳಕು ಬರಬಹುದು. ಹಾಗಾಗಿ ಕ್ಯಾಮೆರಾ ತಯಾರಿಸಿದವರು ಒಂದು ಊಹೆಯನ್ನು ಅದರೊಳಗೆ ಇಟ್ಟಿದ್ದಾರೆ: ಮರ, ಗೋಡೆ, ಮುಖ, ಮಣ್ಣು ಎಲ್ಲ ಸೇರಿದ ಸಾಧಾರಣ ದೃಶ್ಯವೊಂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಭಾಗದಷ್ಟನ್ನು ಹಿಂದಿರುಗಿಸುತ್ತದೆ. ಛಾಯಾಗ್ರಾಹಕರು ಹೇಳುವ ಮಧ್ಯಮ ಬೂದು ಇದೇ. ಆದರೆ ಒಳ್ಳೆಯ ಬಿಳಿ ಕಾಗದ 80ರಿಂದ 90 ಭಾಗ ಬೆಳಕನ್ನು ಹಿಂದಿರುಗಿಸುತ್ತದೆ. ಚೌಕಟ್ಟಿನ ತುಂಬ ಬಿಳಿಯೇ ಇದ್ದಾಗ ಕ್ಯಾಮೆರಾ ಬೆಳಕು ಅತಿಯಾಯಿತೆಂದು ತಗ್ಗಿಸುತ್ತದೆ. ಬಿಳಿ ಬೂದಿಗೆ ಇಳಿಯುತ್ತದೆ. ಕಪ್ಪು ಕಾರ್ಡನ್ನಿಟ್ಟರೆ ಇದೇ ಊಹೆ ಅದನ್ನು ಬೂದಿಗೆ ಎತ್ತುತ್ತದೆ. ಇಂದಿನ ಫೋನುಗಳು ದೃಶ್ಯವನ್ನು ಗುರುತಿಸಿ ಒಂದಿಷ್ಟು ತಿದ್ದಿಕೊಳ್ಳುತ್ತವೆ, ಪೂರ್ತಿ ತಿದ್ದಿಕೊಳ್ಳುವುದಿಲ್ಲ.

ಪರಿಹಾರಕ್ಕೆ ಬೆರಳೊಂದು ಸಾಕು. ಪರದೆಯ ಮೇಲೆ ಕಾರ್ಡಿರುವ ಜಾಗವನ್ನು ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಸೂರ್ಯನಂಥ ಒಂದು ಗುರುತು ಮೂಡುತ್ತದೆ. ಅದನ್ನು ಮೆಲ್ಲಗೆ ಮೇಲಕ್ಕೆ ಸರಿಸಿ. ಕಾಗದ ಬೆಳ್ಳಗಾಗುತ್ತ ಬಂದು, ಅದರ ಒರಟುತನ ಇನ್ನೇನು ಮಾಯವಾಗಲಿದೆ ಅನ್ನಿಸುವುದಕ್ಕೆ ಒಂದು ಹೆಜ್ಜೆ ಮುಂಚೆ ನಿಲ್ಲಿಸಿ. ಕ್ಯಾಮೆರಾದ ಸಂವೇದಕದಲ್ಲಿರುವ ಒಂದೊಂದು ಬಿಂದುವೂ ಒಂದೊಂದು ಪುಟ್ಟ ಕೊಡ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದರೆ ಹೊರಚೆಲ್ಲುವುದೇ ಹೊರತು ಲೆಕ್ಕಕ್ಕೆ ಬರುವುದಿಲ್ಲ. ಚಿತ್ರದಲ್ಲಿ ಕಪ್ಪಿಗೆ 0, ತುಂಬಿದ ಕೊಡಕ್ಕೆ 255 ಎಂಬ ಅಂಕಿಯಿದ್ದರೆ, ಕಾಗದ 240ರ ಆಸುಪಾಸು ಇರುವುದು ಚೆಂದ. ಬಿಳಿಯಂತೆಯೂ ಕಾಣುತ್ತದೆ, ನಾರೂ ಉಳಿಯುತ್ತದೆ.

ಅದಕ್ಕೂ ಮುಂಚೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಫೋನಿನ ಮಸೂರವನ್ನು ಒರೆಸಿ. ಬೆರಳಿನ ಜಿಡ್ಡು ಬೆಳಕನ್ನು ಚೆದುರಿಸಿ ಇಡೀ ಚಿತ್ರದ ಮೇಲೆ ತೆಳು ಮಂಜು ಎಳೆಯುತ್ತದೆ.

ಇನ್ನು ಬೆಳಕಿನ ಮೂಲ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಅವನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಅಂಥ ದೈತ್ಯ ಆಕಾಶದಲ್ಲಿ ಆಕ್ರಮಿಸುವುದು ಬರೀ ಅರ್ಧ ಡಿಗ್ರಿ. ಕೈ ಚಾಚಿ ಕಿರುಬೆರಳು ಹಿಡಿದರೆ ಅದರ ಅರ್ಧ ಅಗಲದ ಹಿಂದೆ ಅಡಗಿಹೋಗುತ್ತಾನೆ. ಹೀಗೆ ಚಿಕ್ಕದಾಗಿ ಕಾಣುವ ಮೂಲದ ನೆರಳಿಗೆ ಚಾಕುವಿನ ಅಂಚು. ಬಿಸಿಲಲ್ಲಿಟ್ಟ ಕಾರ್ಡಿನ ಮೇಲೆ ಕಾಗದದ ಹೂವಿನ ನೆರಳು ಹೂವಿಗಿಂತ ಗಟ್ಟಿಯಾಗಿ ಕಾಣುವುದು ಇದಕ್ಕೇ. ಅದೇ ಒಂದು ಮೀಟರ್ ಅಗಲದ ಕಿಟಕಿಯನ್ನು ಒಂದು ಮೀಟರ್ ದೂರದಿಂದ ನೋಡಿದರೆ ಅದು 50 ಡಿಗ್ರಿಗೂ ಮಿಕ್ಕಿ ಹರಡಿರುತ್ತದೆ, ಸೂರ್ಯನ ನೂರು ಪಟ್ಟು ಅಗಲ. ಅದರ ಒಂದು ಮೂಲೆಯಿಂದ ಬಂದ ಬೆಳಕು ಮಾಡಿದ ನೆರಳಿಗೆ ಇನ್ನೊಂದು ಮೂಲೆಯ ಬೆಳಕು ನುಗ್ಗಿ ಅಂಚನ್ನು ಮೆತ್ತಗಾಗಿಸುತ್ತದೆ. ಸ್ಟುಡಿಯೋದವರು ದೀಪಕ್ಕೆ ದೊಡ್ಡ ಬಿಳಿ ಛತ್ರಿ ಹಿಡಿಯುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ಕಿಟಕಿಗೆ ಬಿಸಿಲು ನೇರವಾಗಿ ಬೀಳುತ್ತಿದ್ದರೆ ಒಂದು ಬಿಳಿ ಪಂಚೆ ಕಟ್ಟಿ. ಆಗ ಬೆಳಕು ಕೊಡುವುದು ಸೂರ್ಯನಲ್ಲ, ಇಡೀ ಪಂಚೆ.

ಪಶ್ಚಿಮದ ಪುಸ್ತಕಗಳೆಲ್ಲ ಉತ್ತರದ ಕಿಟಕಿ ಹುಡುಕಿ ಎನ್ನುತ್ತವೆ. ಲಂಡನ್ನಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುವುದರಿಂದ ಅಲ್ಲಿಗೆ ಅದು ಸರಿಯಾದ ಮಾತು. ನಮಗೆ ಅದನ್ನು ತಿದ್ದಿ ಹೇಳಬೇಕು. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಧಾರವಾಡದಲ್ಲಿ ಮೇ ಮೊದಲ ವಾರ ಸೂರ್ಯ ನಡುನೆತ್ತಿಗೆ ಬಂದು ಉತ್ತರಕ್ಕೆ ದಾಟುತ್ತಾನೆ, ಮರಳಿ ದಕ್ಷಿಣಕ್ಕೆ ಬರುವುದು ಆಗಸ್ಟ್ ಎರಡನೇ ವಾರದ ಹೊತ್ತಿಗೆ. ಆ ಮೂರು ತಿಂಗಳು ಮಧ್ಯಾಹ್ನಕ್ಕೆ ದಕ್ಷಿಣದ ಕಿಟಕಿಯೇ ತಂಪು. ರಾಖಿಗೋ ಗಣೇಶನ ಹಬ್ಬಕ್ಕೋ ಮುಂಚಿತವಾಗಿ ಕಾರ್ಡು ಮಾಡುವವರು ಇದನ್ನು ನೆನಪಿಡಬೇಕು. ದೀಪಾವಳಿಯಿಂದ ಸಂಕ್ರಾಂತಿವರೆಗೆ ಉತ್ತರದ ಕಿಟಕಿ ಎಂಬ ಮಾತಿಗೆ ನಮ್ಮಲ್ಲೂ ಅಡ್ಡಿಯಿಲ್ಲ.

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು 1843ರದು. ಹೆನ್ರಿ ಕೋಲ್ ಹೇಳಿ ಮಾಡಿಸಿದ್ದು, ಚಿತ್ರ ಜಾನ್ ಕ್ಯಾಲ್‌ಕಾಟ್ ಹಾರ್ಸ್ಲಿಯದು, ಬಣ್ಣ ತುಂಬಿದ್ದು ಕೈಯಿಂದ. ಅದರ ಮರುವರ್ಷ ಅದೇ ಇಂಗ್ಲೆಂಡಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ‘ದಿ ಪೆನ್ಸಿಲ್ ಆಫ್ ನೇಚರ್’ ಪ್ರಕಟಿಸಲು ತೊಡಗಿದ. ಫೋಟೋಗಳನ್ನು ಅಂಟಿಸಿ ಮಾರಿದ ಆರಂಭದ ಪುಸ್ತಕಗಳಲ್ಲಿ ಅದು ಮುಖ್ಯವಾದದ್ದು. ಅದರಲ್ಲಿ ಪುಸ್ತಕದ ಕಪಾಟಿನ ಚಿತ್ರವೊಂದಿದೆ. ಮನೆಯೊಳಗಿನ ಬೆಳಕು ಸಾಲದೆ ಟಾಲ್ಬಟ್ ಪುಸ್ತಕಗಳನ್ನು ಬಯಲಿಗೆ ತಂದು ಜೋಡಿಸಿ ಅದನ್ನು ತೆಗೆದ. ವಸ್ತುವನ್ನು ಬೆಳಕಿದ್ದಲ್ಲಿಗೆ ಒಯ್ಯುವುದು ಛಾಯಾಗ್ರಹಣದಷ್ಟೇ ಹಳೆಯ ರೂಢಿ.

ಕಿಟಕಿಗೆ ಎಷ್ಟು ಹತ್ತಿರ? ಬಿಂದುವಿನಂಥ ದೀಪದ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಬಲ್ಬು ಕಾರ್ಡಿನ ಹತ್ತಿರದ ಅಂಚಿಗೆ 30 ಸೆಂಟಿಮೀಟರ್, ದೂರದ ಅಂಚಿಗೆ 45 ಸೆಂಟಿಮೀಟರ್ ಇದ್ದರೆ, ಆಚೆಯ ಅಂಚಿಗೆ ಈಚೆಯದರ ಅರ್ಧವೂ ಸಿಗುವುದಿಲ್ಲ, ಶೇಕಡಾ 44 ಮಾತ್ರ. ಅದೇ ಬಲ್ಬನ್ನು ಒಂದು ಮೀಟರ್ ಆಚೆಗಿಟ್ಟರೆ ಶೇಕಡಾ 76 ಸಿಗುತ್ತದೆ. ಕಿಟಕಿ ಅಗಲವಾದ್ದರಿಂದ ಇಷ್ಟು ಕಡಿದಾಗಿ ಕುಗ್ಗುವುದಿಲ್ಲ, ಆದರೂ ವ್ಯತ್ಯಾಸ ಕಾಣುತ್ತದೆ. ಅದನ್ನು ತುಂಬಲು ಕಿಟಕಿಯ ಎದುರು ಬದಿಗೆ ಒಂದು ಥರ್ಮೋಕೋಲ್ ಹಾಳೆ ನಿಲ್ಲಿಸಿದರೆ ಸಾಕು. ಥರ್ಮೋಕೋಲ್ ಅಂದರೆ ಬಹುಪಾಲು ಗಾಳಿ. ಲೆಕ್ಕವಿಲ್ಲದಷ್ಟು ಗುಳ್ಳೆಗಳ ಗೋಡೆಗಳಿಗೆ ಬಡಿದು ಬೆಳಕು ಎಲ್ಲ ದಿಕ್ಕಿಗೂ ಚೆದುರುವುದರಿಂದ ಅದಕ್ಕೆ ಆ ಬಿಳುಪು. ಸ್ಟೇಷನರಿ ಅಂಗಡಿಯಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಒಳ್ಳೆಯ ಪ್ರತಿಫಲಕ ಬೇರೊಂದು ಸಿಗಲಾರದು.

ಗುಲಾಬಿ ಛಾಯೆಯ ಮೂಲ ಹುಡುಕಲು ನಾನು ಅವಳ ಮನೆಗೇ ಹೋಗಬೇಕಾಯಿತು. ಹಳೆಯ ಮನೆ, ಪಡಸಾಲೆಗೆ ಕೆಂಪು ಗಾರೆ ನೆಲ, ತಿಕ್ಕಿ ತಿಕ್ಕಿ ಕನ್ನಡಿಯಂತಾದದ್ದು. ಅವಳು ಕಾರ್ಡನ್ನು ಒಂದು ಮಣೆಗೆ ಒರಗಿಸಿ ನೆಲದ ಮೇಲೆಯೇ ಫೋಟೋ ತೆಗೆಯುತ್ತಿದ್ದಳು. ಕಿಟಕಿಯ ಬೆಳಕು ನೆಲಕ್ಕೆ ಬಿದ್ದು, ಅದರ ಕೆಂಪನ್ನು ಹೊತ್ತು, ಕಾರ್ಡಿನ ಕೆಳಭಾಗಕ್ಕೆ ಏರುತ್ತಿತ್ತು. ಕಣ್ಣು ಇಂಥ ಛಾಯೆಯನ್ನು ಕಳೆದುಬಿಡುತ್ತದೆ. ಕಾಗದ ಬಿಳಿ ಎಂದು ಮಿದುಳಿಗೆ ಗೊತ್ತಿದ್ದ ಮೇಲೆ ಅದರ ಮೇಲಿನ ಗುಲಾಬಿಯನ್ನು ಬೆಳಕಿನ ಲೆಕ್ಕಕ್ಕೆ ಬರೆದುಕೊಂಡು ಕಾಗದವನ್ನು ಬಿಳಿಯಾಗಿಯೇ ತೋರಿಸುತ್ತದೆ. ಕ್ಯಾಮೆರಾಕ್ಕೆ ಆ ಔದಾರ್ಯವಿಲ್ಲ. ನಾನು ನೆಲದ ಮೇಲೆ ಒಂದು ಬಿಳಿ ಬೆಡ್‌ಶೀಟ್ ಹಾಸಿದೆ. ಗುಲಾಬಿ ಹೋಯಿತು. ನಮ್ಮೂರುಗಳ ತಿಳಿಹಸಿರು, ಆಕಾಶನೀಲಿ ಗೋಡೆಗಳೂ ಇದೇ ಕೆಲಸ ಮಾಡುತ್ತವೆ. ಕ್ಯಾಮೆರಾ ಹಿಡಿದವರ ಕಿತ್ತಳೆ ಸೀರೆಯೂ ಮಾಡುತ್ತದೆ.

ಇದಕ್ಕಿಂತ ಕೆಟ್ಟದ್ದು ಎರಡು ಬಗೆಯ ಬೆಳಕು ಒಟ್ಟಿಗೆ ಬೀಳುವುದು. ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಹೇಳುತ್ತಾರೆ. ದೀಪದ ಕುಡಿಯ ಬೆಳಕು ಸುಮಾರು 1900 ಕೆಲ್ವಿನ್, ಹಳೆಯ ತಂತಿ ಬಲ್ಬು 2700, ನಡುಹಗಲ ಬಿಸಿಲು 5500ರ ಆಸುಪಾಸು, ನೀಲಿ ಆಕಾಶದಿಂದ ನೆರಳಿಗೆ ಇಳಿಯುವ ಬೆಳಕು 7000ಕ್ಕೂ ಮೇಲೆ. ಅಂಕಿ ಏರಿದಷ್ಟೂ ಬೆಳಕು ನೀಲಿಗೆ ಜಾರುತ್ತದೆ. ಒಂದೇ ಬಗೆಯ ಬೆಳಕಿದ್ದರೆ ಫೋನು ಇಡೀ ಚಿತ್ರವನ್ನು ಒಂದೇ ಅಳತೆಯಲ್ಲಿ ತಿದ್ದಬಲ್ಲದು. ಎಡಕ್ಕೆ ಕಿಟಕಿ, ಬಲಕ್ಕೆ ಹಳದಿ ಬಲ್ಬು ಇದ್ದರೆ ಯಾವುದಕ್ಕೆ ಹೊಂದಿಸಿಕೊಂಡರೂ ಇನ್ನೊಂದು ಬದಿ ಕೆಡುತ್ತದೆ. ಆದ್ದರಿಂದ ಕಿಟಕಿಯ ಬೆಳಕಿನಲ್ಲಿ ತೆಗೆಯುವಾಗ ಕೋಣೆಯ ದೀಪಗಳನ್ನೆಲ್ಲ ಆರಿಸಿ. ರಾತ್ರಿ ಎಲ್ಇಡಿಯಲ್ಲೇ ತೆಗೆಯಬೇಕಾದವರು ಇನ್ನೊಂದನ್ನು ಗಮನಿಸಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಫೋನು ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಹಾಗಾಗಿ ಪಟ್ಟೆಗಳು ಮೂಡುತ್ತವೆ. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಹೊಂದಿಸಿದರೆ ಪಟ್ಟೆ ಹೋಗುತ್ತವೆ.

ಬಣ್ಣ ತಿದ್ದುವುದಕ್ಕೆ ಫೋನಿಗೆ ನಂಬುವಂಥ ಒಂದು ಬಿಳಿಯನ್ನು ತೋರಿಸಬೇಕು. ಎಲ್ಲರೂ ಜೆರಾಕ್ಸ್ ಹಾಳೆ ಇಡುತ್ತಾರೆ, ಅದು ಸರಿಯಲ್ಲ. ಆ ಹಾಳೆಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿರುತ್ತದೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಬಿಡುತ್ತದೆ. ಅಜ್ಜಿಯರು ಬಟ್ಟೆಗೆ ನೀಲಿ ಹಾಕುತ್ತಿದ್ದರಲ್ಲ, ಅದರ ಗುರಿಯೂ ಹಳದಿಯನ್ನು ಮರೆಸುವುದೇ. ಆದರೆ ಆ ನೀಲಿ ಹಳದಿ ಬೆಳಕನ್ನು ನುಂಗಿ ಕೆಲಸ ಮಾಡುತ್ತಿತ್ತು, ಇದು ಹೊಸ ನೀಲಿ ಬೆಳಕನ್ನೇ ಸೇರಿಸುತ್ತದೆ. ಜೆರಾಕ್ಸ್ ಹಾಳೆಯ ಮೇಲಿಟ್ಟ ಹತ್ತಿ ಕಾಗದದ ಕಾರ್ಡು ಹಳೆಯದಾಗಿ ಹಳದಿಗಟ್ಟಿದಂತೆ ಕಾಣುವುದು ಇದರಿಂದಲೇ. ಒಳ್ಳೆಯ ಬಿಳಿ ಸಿಗುವುದು ನಲ್ಲಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ. ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪಿನ ವಸ್ತುವನ್ನೇ ಒತ್ತಿ ಗಟ್ಟಿ ಮಾಡಿ ಪ್ರಯೋಗಾಲಯಗಳಲ್ಲಿ ಬಿಳುಪಿನ ಮಾನದಂಡವಾಗಿ ಬಳಸುತ್ತಾರೆ. ಟೇಪನ್ನು ಹದಿನೈದಿಪ್ಪತ್ತು ಪದರ ಮಡಚಿ, ಬೆರಳಗಲದ ಒಂದು ತುಂಡು ಮಾಡಿ, ಮೊದಲ ಚಿತ್ರದಲ್ಲಿ ಕಾರ್ಡಿನ ಪಕ್ಕಕ್ಕಿಡಿ. ಆಮೇಲೆ ಸ್ನ್ಯಾಪ್‌ಸೀಡ್‌ನಂಥ ಉಚಿತ ಆ್ಯಪಿನಲ್ಲಿ ಬಿಳಿ ಹೊಂದಿಸುವ ಗುರುತಿನಿಂದ ಆ ತುಂಡನ್ನು ಮುಟ್ಟಿದರೆ ಉಳಿದ ಬಣ್ಣಗಳೂ ತಮ್ಮ ಜಾಗಕ್ಕೆ ಬರುತ್ತವೆ.

ಈಗ ಆ ಕಪ್ಪು ಚಿನ್ನ. ನಾವಿಬ್ಬರೂ ಹೆಚ್ಚು ಹೊತ್ತು ಕಳೆದದ್ದು ಇದರ ಮುಂದೆಯೇ.

ಕಾರ್ಡಿಗೆ ಅಂಟಿಸುವ ಫಾಯಿಲ್ ಸಾಮಾನ್ಯವಾಗಿ ಅಲ್ಯೂಮಿನಿಯಂನ ತೀರ ತೆಳುವಾದ ಲೇಪ, ಮೇಲೆ ಹಳದಿ ಬಣ್ಣದ ಮೆರುಗು. ಅಂದರೆ ಅದೊಂದು ಹಳದಿ ಕನ್ನಡಿ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಹಂಚುತ್ತದೆ, ಎಲ್ಲಿ ನಿಂತು ನೋಡಿದರೂ ಒಂದೇ ಬಿಳುಪು. ಕನ್ನಡಿ ಹಾಗೆ ಹಂಚುವುದಿಲ್ಲ. ಕೇರಂ ಆಡಿದವರಿಗೆ ಇದು ಕೈಯಲ್ಲೇ ಇರುವ ಜ್ಞಾನ. ಅಂಚಿಗೆ ಬಡಿದ ಸ್ಟ್ರೈಕರ್ ಯಾವ ಓರೆಯಲ್ಲಿ ಹೋಯಿತೋ ಅದೇ ಓರೆಯಲ್ಲಿ ಆಚೆಗೆ ಮರಳುತ್ತದೆ. ಫಾಯಿಲ್‌ನಿಂದ ಫೋನಿಗೆ ಬರುವ ಬೆಳಕು ಕೂಡ ಒಂದೇ ಒಂದು ದಿಕ್ಕಿನಿಂದ ಬಂದದ್ದು. ಆ ದಿಕ್ಕಿನಲ್ಲಿ ಏನಿದೆಯೋ ಅದೇ ಫಾಯಿಲ್‌ನ ಬಣ್ಣ. ಅವಳ ಫೋನು ಕಾರ್ಡಿಗೆ ನೇರ ಎದುರಿಗಿತ್ತು, ಫೋನಿನ ಹಿಂದೆ ಮಬ್ಬುಗತ್ತಲ ಒಳಕೋಣೆ ಇತ್ತು. ಕಾರ್ಡು ಅಲ್ಲಿ ತೋರಿಸಿದ್ದು ಆ ಕತ್ತಲನ್ನು.

ನಾವು ಹೀಗೆ ಮಾಡಿದೆವು. ಫೋನನ್ನು ಅದರ ಜಾಗದಲ್ಲೇ ಗಟ್ಟಿಯಾಗಿ ನಿಲ್ಲಿಸಿ, ನಾನು ಪರದೆ ನೋಡುತ್ತ ನಿಂತೆ. ಅವಳು ಅಂಗೈಯಗಲದ ಥರ್ಮೋಕೋಲ್ ತುಂಡೊಂದನ್ನು ಹಿಡಿದು ಕಾರ್ಡಿನ ಸುತ್ತ ಗಾಳಿಯಲ್ಲಿ ಮೆಲ್ಲಗೆ ಆಡಿಸಿದಳು. ಎಡಕ್ಕೆ, ಏನಿಲ್ಲ. ಮೇಲಕ್ಕೆ, ಏನಿಲ್ಲ. ಫೋನಿನ ಪಕ್ಕಕ್ಕೆ, ತುಸು ಮುಂದಕ್ಕೆ ತಂದಾಗ ಇದ್ದಲಿನ ಪಟ್ಟಿ ಒಮ್ಮೆಲೇ ಬಂಗಾರವಾಗಿ ಹೊತ್ತಿಕೊಂಡಿತು. “ಅಲ್ಲೇ ಹಿಡಿ!” ಎಂದೆ. ಆ ಜಾಗದಲ್ಲೊಂದು ದೊಡ್ಡ ಥರ್ಮೋಕೋಲ್ ಹಾಳೆ ನಿಲ್ಲಿಸಿ, ನಡುವೆ ಮಸೂರದಷ್ಟೇ ಒಂದು ತೂತು ಕೊರೆದು, ಫೋನನ್ನು ಅದರ ಹಿಂದಿಟ್ಟೆವು. ಈಗ ಪಟ್ಟಿ ಹಳದಿಯಾಯಿತು ನಿಜ, ಆದರೆ ಬಣ್ಣ ಬಳಿದಂತೆ ಸಪ್ಪೆಯಾಗಿತ್ತು. ಲೋಹ ಲೋಹದಂತೆ ಕಾಣಲು ಅದರಲ್ಲಿ ಬೆಳಕೂ ಕತ್ತಲೂ ಒಂದರ ಪಕ್ಕ ಒಂದು ಬೇಕು. ಥರ್ಮೋಕೋಲನ್ನು ತುಸು ಸರಿಸಿ ಪಟ್ಟಿಯ ಒಂದು ತುದಿಗೆ ಕೋಣೆಯ ಕತ್ತಲು ಇಣುಕಲು ಬಿಟ್ಟಾಗ, ಬಂಗಾರದಿಂದ ಕಂದಿಗೆ ಇಳಿಯುವ ಏರಿಳಿತ ಬಂತು. ಅದೇ ಹೊಳಪು.

ಮಿನುಗುಪುಡಿ ಉದುರಿಸಿದ ಕಾರ್ಡಿಗೆ ಇದಕ್ಕೆ ತದ್ವಿರುದ್ಧವಾದ ಸಲಹೆ ಕೊಡುತ್ತೇನೆ. ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಮುಖ ಮಾಡಿದ ಕನ್ನಡಿಯಾದ್ದರಿಂದ ಅಗಲವಾದ ಮೆದು ಬೆಳಕಿನಲ್ಲಿ ಎಲ್ಲವೂ ಸಮನಾಗಿ ಮಂಕಾಗುತ್ತವೆ. ಕಿಟಕಿಯ ಬೆಳಕಿನ ಜೊತೆಗೆ ಎರಡು ಮೀಟರ್ ದೂರದಿಂದ ಇನ್ನೊಂದು ಫೋನಿನ ಟಾರ್ಚ್ ಹಾಯಿಸಿ. ಆ ಚಿಕ್ಕ ಬಿಂದುವನ್ನು ಹಿಡಿದ ಕಣಗಳು ಮಾತ್ರ ಕಿಡಿಯಾಗುತ್ತವೆ.

ಪ್ಲಾಸ್ಟಿಕ್ ಹೊದಿಸಿದ ನುಣುಪು ಕಾರ್ಡಿನ ಮೇಲಿನ ಬಿಳಿ ಝಳಕ್ಕೆ ಬೇರೆ ಮದ್ದಿದೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಸಿ. ವಿ. ರಾಮನ್ ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವೇ ಎಂದು ಪರೀಕ್ಷಿಸಿದರು. ಧ್ರುವೀಕೃತ ಬೆಳಕನ್ನು ತಡೆಯಬಲ್ಲ ನಿಕೋಲ್ ಪಟ್ಟಕದ ಮೂಲಕ ನೋಡಿ ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಳಿಸಿದರು. ಆಗಲೂ ಕಡಲು ನೀಲಿಯಾಗಿಯೇ ಉಳಿಯಿತು. ನೀರು, ಗಾಜು, ಪ್ಲಾಸ್ಟಿಕ್‌ಗಳಿಂದ ಒಂದು ನಿರ್ದಿಷ್ಟ ಓರೆಯಲ್ಲಿ ಪುಟಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪ್ಲಾಸ್ಟಿಕ್ಕಿಗೆ ಆ ಕೋನ, ಮೇಲ್ಮೈಗೆ ಲಂಬದಿಂದ ಅಳೆದರೆ, ಸುಮಾರು 56 ಡಿಗ್ರಿ. ಮನೆಯಲ್ಲಿ ಪೋಲರೈಸ್ಡ್ ತಂಪು ಕನ್ನಡಕ ಇದ್ದರೆ ಅದರ ಗಾಜನ್ನು ಮಸೂರದ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಓರೆಯಿಂದ ತೆಗೆಯುವ ಚಿತ್ರದಲ್ಲಿ ಒಂದು ಹಂತಕ್ಕೆ ಝಳ ಕರಗಿ ಕೆಳಗಿನ ಬಣ್ಣ ಏಳುತ್ತದೆ. ಫಾಯಿಲ್ ಮೇಲೆ ಈ ಉಪಾಯ ನಡೆಯದು, ಲೋಹದ ಪ್ರತಿಫಲನ ಆ ರೀತಿಯದಲ್ಲ.

ಕಸೂತಿಗೆ ಬೇಕಾದದ್ದು ನೆರಳು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ವ್ಯತ್ಯಾಸ ಇರುವುದೇ ದಾರ ಬಟ್ಟೆಯ ಮೇಲೆ ಕೂರುವ ಬಗೆಯಲ್ಲಿ. ಅರ್ಧ ಮಿಲಿಮೀಟರ್ ಎತ್ತರದ ಎಳೆಯ ಮೇಲೆ ಬೆಳಕು 45 ಡಿಗ್ರಿಯಲ್ಲಿ ಬಿದ್ದರೆ ನೆರಳೂ ಅರ್ಧ ಮಿಲಿಮೀಟರೇ. ಬೆಳಕನ್ನು ಬಟ್ಟೆಯ ಮಟ್ಟದಿಂದ 10 ಡಿಗ್ರಿಗೆ ಇಳಿಸಿದರೆ ನೆರಳು ಸುಮಾರು 3 ಮಿಲಿಮೀಟರ್‌ಗೆ ಚಾಚುತ್ತದೆ, ಹೊಲಿಗೆ ಎದ್ದು ಕೂರುತ್ತದೆ. ಸಂಜೆಯ ಹೊಲದಲ್ಲಿ ನೇಗಿಲ ಸಾಲು ಕಾಣುವುದೂ ಹೀಗೆಯೇ. ಹಾಗೆಂದು ಕಾಗದದ ಪಟ್ಟಿ ಸುತ್ತಿ ಮಾಡಿದ ಕ್ವಿಲ್ಲಿಂಗ್ ಹೂವಿಗೆ ಇದನ್ನು ಮಾಡಬೇಡಿ. ಅದರ ಪಟ್ಟಿಯೇ 3 ಮಿಲಿಮೀಟರ್ ಎತ್ತರ ನಿಲ್ಲುತ್ತದೆ, 10 ಡಿಗ್ರಿಯ ಬೆಳಕಿನಲ್ಲಿ ಅದರ ನೆರಳು 17 ಮಿಲಿಮೀಟರ್ ಹರಿದು ಪಕ್ಕದ ಹೂವನ್ನೇ ಮುಳುಗಿಸುತ್ತದೆ. ಅಲ್ಲಿಗೆ 45 ಡಿಗ್ರಿ ಸಾಕು.

ಕೊನೆಯ ಮಾತು ದೂರದ್ದು. ಹತ್ತಿರ ಹೋದಷ್ಟು ಸ್ಪಷ್ಟ ಎಂದು ಎಲ್ಲರೂ ಕಾರ್ಡಿನ ಮೇಲೆ ಬಾಗುತ್ತಾರೆ. 20 ಸೆಂಟಿಮೀಟರ್ ದೂರದಿಂದ ತೆಗೆದರೆ, ಎರಡು ಸೆಂಟಿಮೀಟರ್ ಎತ್ತರದ ಹೂವಿನ ತುದಿ ಶೇಕಡಾ 11ರಷ್ಟು ದೊಡ್ಡದಾಗಿ ಕಾಣುತ್ತದೆ. 60 ಸೆಂಟಿಮೀಟರ್‌ಗೆ ಸರಿದರೆ ಆ ಹಿಗ್ಗು ಶೇಕಡಾ 3.4ಕ್ಕೆ ಇಳಿಯುತ್ತದೆ. ಹಿಂದೆ ಸರಿದು 2 ಪಟ್ಟು ಜೂಮ್ ಹಾಕಿ. ಫೋನಿನ ನೆರಳೂ ಬೀಳುವುದಿಲ್ಲ, ಅತಿ ಹತ್ತಿರದಲ್ಲಿ ಕೆಲವು ಫೋನುಗಳು ತಾವಾಗಿ ಅಗಲ ಮಸೂರಕ್ಕೆ ಹಾರುವುದೂ ತಪ್ಪುತ್ತದೆ. ಕಾರ್ಡು ಚೌಕವಾಗಿಯೇ ಬರಬೇಕೆಂದರೆ ಅದರ ಜಾಗದಲ್ಲಿ, ಅದೇ ಓರೆಯಲ್ಲಿ, ಒಂದು ಪುಟ್ಟ ಕನ್ನಡಿ ಇಟ್ಟು, ಫೋನಿನ ಮಸೂರ ತನ್ನನ್ನೇ ಪರದೆಯ ನಟ್ಟನಡುವೆ ಕಾಣುವವರೆಗೆ ಹೊಂದಿಸಿ. ಆಗ ಎರಡೂ ಸಮಾಂತರ. ಬೆರಳು ಒತ್ತಿದ ಅಲುಗಾಟ ತಾಗದಿರಲು 2 ಸೆಕೆಂಡಿನ ಟೈಮರ್ ಇಡಿ.

ಪಂಚೆ ಮನೆಯದೇ ಇತ್ತು. ಥರ್ಮೋಕೋಲ್, ಟೆಫ್ಲಾನ್ ಟೇಪು, ಪುಟ್ಟ ಕನ್ನಡಿ ಎಲ್ಲ ಸೇರಿ ನಮಗೆ ಇನ್ನೂರು ರೂಪಾಯಿ ದಾಟಲಿಲ್ಲ. ನೀವೂ ಹೀಗೆ ಕಾರ್ಡು ಮಾಡಿ ಮಾರುವವರಾದರೆ ಒಂದು ವಿನಂತಿ. ಚಿತ್ರ ಕಳಿಸುವ ಮುನ್ನ ಅದೇ ಕಿಟಕಿಯ ಬಳಿ ಕಾರ್ಡನ್ನೂ ಫೋನಿನ ಪರದೆಯನ್ನೂ ಅಕ್ಕಪಕ್ಕ ಹಿಡಿದು ನೋಡಿ. ದಾರದ ಕೆಂಪು ಎರಡರಲ್ಲೂ ಒಂದೇ ಇದೆಯೇ? ಇಲ್ಲವಾದರೆ ಪರದೆಯನ್ನು ಕಾರ್ಡಿಗೆ ಹೊಂದಿಸಿ, ಬಣ್ಣ ಏರಿಸುವ ಫಿಲ್ಟರ್ ಹಾಕಬೇಡಿ. ಅಂಚೆಯಲ್ಲಿ ಕೊಂಡವರ ಕೈ ಸೇರುವುದು ಕಾರ್ಡು.